ಹೊಸದಕ್ಕೆ ಹೋಗದ ಮಾತು

ಸೋಮು ಹಟ್ಟಿಕೇರಿಯವನು. ಕೆಲಸ ಶಿರವಾಡದಲ್ಲಿ, ರೈತರ ಸೊಸೈಟಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಆಫೀಸಿನಲ್ಲಿ. ತೆರೆಯ ಮೇಲೆ ಬರುವ ಇಂಗ್ಲಿಷ್ ಮಾತುಗಳಿಗೆ ಕನ್ನಡ ಹಾಕುವುದು ಅವನ ಪಾಲಿಗೆ ಬಂದಿತ್ತು.

ಸಂಜೆ ಬಸ್ಸಿಳಿದು ಬಂದವನು ಅಡುಗೆಮನೆಯ ಹೊಸ್ತಿಲಲ್ಲೇ ಕೂರುತ್ತಿದ್ದ. ಹೆಂಡತಿ ಗೋದಾವರಿ ಬಾಂಗಡೆ ಮೀನು ಕೊಯ್ಯುತ್ತಿದ್ದರೆ ಅಲ್ಲೇ ಪರೀಕ್ಷೆ.

"ಸಂರಕ್ಷಿಸು ಅಂದ್ರೆ ನಿಂಗೆ ಎಂತ ತಿಳೀತದೆ?"

"ಪೊಲೀಸ್ರನ್ನ ಕರಿಯೂದು."

"ಹಂಗಲ್ವೇ. ಬರ್ದದ್ದು ಹಾಳಾಗದ ಹಾಗೆ ಇಡೂದು."

"ತೆಗೆದಿಡು ಅನ್ನು. ಅದ್ಕೆಂತಾ ಅಷ್ಟು ಒದ್ದಾಟ?"

ವಾರದೊಳಗೆ ಊರ ಸೊಸೈಟಿಯ ಕಂಪ್ಯೂಟರಿನಲ್ಲಿ 'ತೆಗೆದಿಡು' ಬಂತು. ಗೊಬ್ಬರಕ್ಕೆ ಹೋಗಿದ್ದ ಪಕ್ಕದ ಮನೆ ದುರ್ಗಿ ನಕ್ಕಳು. "ಗೋದಕ್ಕ, ನಿನ್ನ ಗಂಡನ ಪೆಟ್ಟಿಗೆ ನಿನ್ನ ಹಾಗೇ ಗದರಿಸ್ತದೆ ಮಾರಾಯ್ತಿ!"

ತೊಂದರೆ ಒಂದಿತ್ತು. ಆ ಸಾಫ್ಟ್‌ವೇರ್ ಎರಡು ಕವಲಾಗಿತ್ತು. ಸೊಸೈಟಿಗಳಲ್ಲಿ ಓಡುತ್ತಿದ್ದದ್ದು ಹಳೆಯದು, ಆಫೀಸಿನಲ್ಲಿ ಕಟ್ಟುತ್ತಿದ್ದದ್ದು ಹೊಸದು. ಒಂದರಲ್ಲಿ ತಿದ್ದಿದ ಮಾತು ಇನ್ನೊಂದಕ್ಕೆ ತಾನಾಗಿ ಹೋಗುವುದಿಲ್ಲ, ಕೈಯಾರೆ ಹಾಕಬೇಕು. ಜನ ಓದುವುದನ್ನು ಮೊದಲು ತಿದ್ದುತ್ತೇನೆ, ಹೊಸದು ಹೇಗೂ ಮಳೆ ಕಳೆದ ಮೇಲೆ ತಾನೆ, ಎನ್ನುತ್ತಿದ್ದ ಸೋಮು.

ಮಳೆಯಲ್ಲೇ ಅವನಿಗೆ ಇಲಿಜ್ವರ ಬಂತು. ಆಸ್ಪತ್ರೆಯ ಮಂಚದಲ್ಲಿ "ಹೊಸದಕ್ಕೆ ಹಾಕ್ಲೇ ಇಲ್ವೇ" ಅಂದ. ಅದೇ ಅವನ ಕೊನೆಯ ಮಾತು.

ದೀಪಾವಳಿ ಕಳೆದು, ಆಫೀಸಿನ ವಿಕಾಸ ಹೊಸದನ್ನು ಸಿಡಿಯಲ್ಲಿ ತಂದ. ಸುದ್ದಿ ತಿಳಿದ ಗೋದಾವರಿ ಸೊಸೈಟಿಗೆ ಓಡಿದಳು.

"ಅವ್ರ ಮಾತು ಇದ್ರಲ್ಲಿ ಅದ್ಯೋ?"

"ಇಲ್ಲ ವೈನೀ. ಕವಲಾಗೂಕಿಂತ ಮೊದ್ಲು ಇದ್ದದ್ದಷ್ಟೇ."

"ಹಳೇದ್ರಿಂದ ತಂದು ಇದ್ಕೆ ಹಾಕು."

"ಹಾಕಿ ನೋಡ್ದೆ. ಹೊಸದ್ರಲ್ಲಿ ಇಂಗ್ಲಿಷೇ ಬದ್ಲಾಗ್ಯದೆ, ಕೂಡೂದಿಲ್ಲ. ಒಂದೊಂದೇ ನೋಡಿ ಹಾಕ್ತಾ ಕೂರೂಕೆ ಆಫೀಸಲ್ಲಿ ಯಾರೂ ಇಲ್ಲ."

"ಹಂಗಾರೆ ಇಲ್ಲಿ ಹಳೇದೇ ಇರ್ಲಿ."

"ಎಲ್ಲಾ ಕಡೆ ಬದ್ಲಾಯ್ತು. ನನ್ನ ಕೈಯಲ್ಲಿ ಎಂತದೂ ಇಲ್ಲ ವೈನೀ."

ಅವಳ ಕೈಯಲ್ಲಾದರೂ ಏನಿತ್ತು? ಓದಿದ್ದು ನಾಲ್ಕನೇ ಇಯತ್ತೆ. ತೆರೆಯ ಮೂಲೆಯ 'ತೆಗೆದಿಡು' ಎಂಬುದನ್ನು ಅಕ್ಷರ ಕೂಡಿಸಿ ಓದಿದಳು. ವಿಕಾಸ ಸಿಡಿ ಹಾಕಿದ. ತೆರೆ ಕಪ್ಪಾಯಿತು, ಸುಮಾರು ಹೊತ್ತಾದ ಮೇಲೆ ಮತ್ತೆ ಬೆಳಗಿತು.

ಗುಮಾಸ್ತ ತಿಮ್ಮು ಯಾರದೋ ಗೊಬ್ಬರದ ಲೆಕ್ಕ ಹೊಡೆದು, ಕೈ ತಡೆದು ಕೂತ. "ಸಂರಕ್ಷಿಸು ಅಂತೆ. ಇದೆಂತದು ಗೋದಕ್ಕ? ಒತ್ತೂದಾ, ಬ್ಯಾಡ್ವಾ?"

ವಿಕಾಸ ತಲೆ ತಗ್ಗಿಸಿ ವೈರು ಸುತ್ತುತ್ತಿದ್ದ.

"ಒತ್ತು" ಎಂದಳು ಗೋದಾವರಿ.