ಹೀಲ್ಸಿನ ಅಳತೆಯ ಲಂಗ

ಯಲ್ಲಾಪುರದ ನನ್ನ ಟೇಲರಿಂಗ್ ಅಂಗಡಿಯಲ್ಲಿ ಒಂದು ನಿಯಮವಿದೆ. ಲಂಗದ ಅಂಚು ಮಡಚುವ ಮೊದಲು, ಅದರ ಜೊತೆ ಹಾಕುವ ಚಪ್ಪಲಿಯನ್ನೇ ಮೆಟ್ಟಿಕೊಂಡು ನಿಂತು ತೋರಿಸಬೇಕು. ಅಕ್ಕನ ಮದುವೆಗೆ ಲಂಗ ಹೊಲಿಸಿದ ಹುಡುಗಿಯೊಬ್ಬಳು ಎತ್ತರದ ಹೀಲ್ಸ್ ತಂದಿದ್ದಳು. ಅಂಚಿಗೆ ಪಿನ್ನು ಚುಚ್ಚುತ್ತಾ, "ಮದುವೆ ಎಲ್ಲಿ?" ಎಂದೆ.

"ಚಂದಗುಳಿ ಹತ್ರ, ದೇವಸ್ಥಾನದ ಹಾಲ್‌ನಲ್ಲಿ."

ಜೊತೆಗೆ ಬಂದಿದ್ದ ಅವಳ ತಾಯಿ, "ಅಲ್ಲಿ ಚಪ್ಪಲ್ ಹಾಕ್ಯಂಡು ಒಳಗೆ ಹೋಪಲೆ ಬತ್ತಿಲ್ಲೆ ಕೂಸೆ" ಎಂದರು.

ಚಪ್ಪಲಿ ಹೊರಗೇ ಬಿಡಬೇಕೆಂದಾದ ಮೇಲೆ ಹೀಲ್ಸ್ ಬಿಚ್ಚಿಸಿ ನಿಲ್ಲಿಸಿದೆ. ಲಂಗ ನೆಲ ಗುಡಿಸುತ್ತಿತ್ತು. "ಗಿಡ್ಡ ಮಾಡಲಾ?" ಎಂದು ಕೇಳಿದೆ.

"ಬೇಡ ಅಕ್ಕಾ, ಆಮೇಲೆ ಹೀಲ್ಸ್ ಹಾಕಿದಾಗ ಕಾಲು ಕಾಣ್ತದೆ. ಹೀಗೇ ಇರಲಿ."

ಮದುವೆಗೆ ನನ್ನನ್ನೂ ಕರೆದಿದ್ದರು. ಎಲ್ಲರೂ ಚಪ್ಪಲಿ ಬಿಡುವ ಮೆಟ್ಟಿಲ ಬುಡದಲ್ಲಿ ಅವಳು ಹೀಲ್ಸ್ ಹಾಕಿಕೊಂಡೇ ನಿಂತು, ಬಂದವರಿಗೆ ಪನ್ನೀರು ಚಿಮುಕಿಸುತ್ತಿದ್ದಳು. ಆ ಕೆಲಸವನ್ನು ತಾನೇ ಕೇಳಿ ವಹಿಸಿಕೊಂಡಿದ್ದಳಂತೆ. ಧಾರೆ ಶುರುವಾಗುವ ಮೊದಲು ತಾಯಿ ಹೊರಬಂದು ಒಳಗೆ ಕರೆದರು.

"ಇನ್ನೂ ಜನ ಬತ್ತಾ ಇದ್ದ ಅಮ್ಮ" ಎಂದಳು.

ಲಂಗದ ಅಂಚಿಗೆ ಒಂದು ಚೂರೂ ಧೂಳು ಹತ್ತಲಿಲ್ಲ. ನನ್ನ ಹೊಲಿಗೆಯನ್ನು ಬಂದವರೆಲ್ಲ ಹತ್ತಿರದಿಂದ ನೋಡಿದರು. ಅಕ್ಕನ ಧಾರೆಯನ್ನು ಅವಳು ಮಾತ್ರ ಬಾಗಿಲಾಚೆಯಿಂದ ನೋಡಿದಳು.