ಗಡಹಿಂಗ್ಲಜದ ರೇಟು

ಗಂಗಕ್ಕ ಕನ್ನಡದಲ್ಲಿ ಆಡಿದ ಮಾತನ್ನು ನಾನು ಮರಾಠಿಯಲ್ಲಿ ಸುಳ್ಳು ಮಾಡಿ ಹೇಳಿದೆ. ಬೇಕಂತಲೇ ಹೇಳಿದೆ. ಬಾಯಿ ತಪ್ಪಿ ಬಂದದ್ದಲ್ಲ, ಮರಾಠಿ ಅರ್ಧಂಬರ್ಧ ಬಂದು ಆದ ಎಡವಟ್ಟೂ ಅಲ್ಲ. ಅವಳು ಒಂದು ಹೇಳಿದಳು, ನಾನು ಕೊಲ್ಹಾಪುರದ ಸಾಹೇಬರ ಮುಂದೆ ಇನ್ನೊಂದು ಹೇಳಿದೆ — ಅವಳ ಮಗ್ಗುಲಲ್ಲೇ ನಿಂತು, ಅವಳ ಭುಜ ನನ್ನ ಭುಜಕ್ಕೆ ತಾಗುತ್ತಿದ್ದಾಗಲೇ.

ನನ್ನ ಹೆಸರು ಲಗಮವ್ವ. ಅಪ್ಪ ಕುರಿ ಕಾಯುವವನು. ಮನೆಯಲ್ಲಿ ಕನ್ನಡ, ಹಳ್ಳಿ ಮಹಾರಾಷ್ಟ್ರದ್ದು. ಮೊದಲು ಕನ್ನಡ ಶಾಲೆ, ಆಮೇಲೆ ಗಡಹಿಂಗ್ಲಜದ ಸೋದರತ್ತೆಯ ಮನೆಯಲ್ಲಿದ್ದು ಮರಾಠಿ ಶಾಲೆ. ಹಾಗಾಗಿ ನನಗೆ ಎರಡೂ ಮಾತು ಬಂದವು. ಇದೇನು ದೊಡ್ಡ ವಿದ್ಯೆಯೆಂದು ನನಗೆ ಅನ್ನಿಸಿರಲಿಲ್ಲ. ಮದುವೆಯಾಗಿ ಇಚಲಕರಂಜಿಗೆ ಬಂದ ಮೇಲೆಯೇ ತಿಳಿದದ್ದು. ನಮ್ಮ ಶೇಟರ ಪಾವರ್‌ಲೂಮ್ ಶೆಡ್ಡಿನಲ್ಲಿ ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತುವ ಹೆಂಗಸರೆಲ್ಲ ಕರ್ನಾಟಕದ ಕಡೆಯವರು. ದವಾಖಾನೆಗೆ ಹೋಗಲಿ, ರೇಷನ್ ಅಂಗಡಿಗೆ ಹೋಗಲಿ, ಜಗಳ ಮಾಡಲಿ — "ಲಗಮವ್ವ, ಸ್ವಲ್ಪ ಬಾರವ್ವಾ, ಏನಂತಾರ ಕೇಳ" ಎಂದು ನನ್ನನ್ನು ಕರೆಯುತ್ತಿದ್ದರು. ಆ ಕರೆಯಲ್ಲಿ ನನಗೊಂದು ಸುಖವಿತ್ತು. ಅದನ್ನೂ ಹೇಳಿಬಿಡುತ್ತೇನೆ.

ಗಂಗಕ್ಕ ಅಥಣಿ ಕಡೆಯವಳು. ಗಂಡ ಅದೇ ಶೆಡ್ಡಿನಲ್ಲಿ ಮಗ್ಗ ನಡೆಸುತ್ತಿದ್ದ, ಜ್ವರ ಬಂದು ತೀರಿಕೊಂಡ. ಅವಳು ಊರಿಗೆ ಹೋಗದೆ ಅಲ್ಲೇ ಉಳಿದು, ಕಂಡಿಕೆ ಸುತ್ತಿ ಮಗಳು ಶೋಭಾಳನ್ನು ಬೆಳೆಸಿ, ಹಿಂದಿನ ಓಣಿಯ ಮಗ್ಗದ ಹುಡುಗನಿಗೇ ಕೊಟ್ಟಿದ್ದಳು. ನಾನು ಹೊಸದಾಗಿ ಬಂದಾಗ ನೂಲು ಹರಿದರೆ ಹೇಗೆ ಕೂಡಿಸುವುದೆಂದು ನನ್ನ ಬೆರಳು ಹಿಡಿದು ಕಲಿಸಿದವಳು ಅವಳು. ನನ್ನ ಗಂಡ ಭರಮಪ್ಪನಿಗೆ ಎದೆಯ ಬೇನೆ ಹತ್ತಿ ಮಗ್ಗದ ಮುಂದೆ ನಿಲ್ಲಲಾಗದೆ ಹೋದಾಗ ನಮ್ಮ ಮನೆಗೆ ರೊಟ್ಟಿ ತಂದಿಟ್ಟು ಮಾತಾಡದೆ ಹೋಗುತ್ತಿದ್ದವಳೂ ಅವಳೇ.

ಈಗ ರೇಟಿನ ಮಾತು ಹೇಳಬೇಕು. ಕೂಲಿ ಇಷ್ಟಕ್ಕಿಂತ ಕಡಿಮೆ ಕೊಡಬಾರದೆಂದು ಸರಕಾರ ಗೊತ್ತು ಮಾಡುತ್ತದಲ್ಲ, ಅದು ಎಲ್ಲ ಊರಿಗೂ ಒಂದೇ ಅಲ್ಲ. ಇಚಲಕರಂಜಿಯಂಥ ದೊಡ್ಡ ಪೇಟೆಗೆ ಒಂದು, ಗಡಹಿಂಗ್ಲಜದಂಥ ಸಣ್ಣ ಊರಿಗೆ ಅದಕ್ಕಿಂತ ಕಮ್ಮಿ, ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಮತ್ತೊಂದು. ಅದೂ ನಿಂತಲ್ಲಿ ನಿಲ್ಲುವುದಿಲ್ಲ, ಆಗಾಗ ಬದಲಾಗುತ್ತದೆ. ಗಂಗಕ್ಕನಿಗೆ ಇದು ಎಂದೂ ಒಪ್ಪಿಗೆಯಾಗಲಿಲ್ಲ. "ನೂಲೂ ಅದೇ, ಕೈಯೂ ಅದೇ. ಊರ ಸಣ್ಣದಾದ್ರ ಹೊಟ್ಟಿನೂ ಸಣ್ಣದಾಗ್ತೈತೇನ?" ಎನ್ನುತ್ತಿದ್ದಳು.

ಎಂಬತ್ತರ ಆಸುಪಾಸಿನ ಒಂದು ವರ್ಷ ಇಚಲಕರಂಜಿಯ ರೇಟು ಏರಿತು. ಬೇರೆ ಶೆಡ್ಡುಗಳಲ್ಲಿ ಕೊಟ್ಟರು. ನಮ್ಮಲ್ಲಿ ಕೊಡಲಿಲ್ಲ. ಕೇಳಲು ಹೋದರೆ ಶೇಟರ ಲೆಕ್ಕ ನೋಡುವ ದಿವಾಣಜಿ ನಕ್ಕು, "ನೀವೆಲ್ಲ ಇಲ್ಲಿಯವರು ಎಲ್ಲಿ? ನೀವು ಗಡಹಿಂಗ್ಲಜದವರು" ಎಂದ. ಚೇಷ್ಟೆ ಎಂದುಕೊಂಡೆವು. ಚೇಷ್ಟೆಯಾಗಿರಲಿಲ್ಲ. ಶೇಟರಿಗೆ ಗಡಹಿಂಗ್ಲಜದಲ್ಲೂ ಒಂದು ಸಣ್ಣ ಶೆಡ್ಡಿತ್ತು. ನಮ್ಮ ಹೆಸರುಗಳನ್ನೆಲ್ಲ ಆ ಶೆಡ್ಡಿನ ಪಟ್ಟಿಗೆ ಹಚ್ಚಿಬಿಟ್ಟಿದ್ದರು. ನಾವು ಕೂತಿದ್ದು ಇಚಲಕರಂಜಿಯಲ್ಲಿ, ಕೆಮ್ಮುತ್ತಿದ್ದದ್ದು ಇಚಲಕರಂಜಿಯ ಹತ್ತಿಯ ಧೂಳಿಗೆ — ಸರಕಾರದ ಕಣ್ಣಿಗೆ ಮಾತ್ರ ನಾವು ಬೇರೆ ಊರಿನಲ್ಲಿ ದುಡಿಯುವವರು.

ಹೆಂಗಸರೆಲ್ಲ ಕೂಡಿ, ಕೂಲಿಯವರ ದೂರು ಕೇಳುವ ಕೊಲ್ಹಾಪುರದ ಕಾಮಗಾರ ಕಚೇರಿಗೆ ಹೋಗಬೇಕೆಂದು ಮಾತಾಯಿತು. ಎಲ್ಲರೂ ಕೆಲಸ ಬಿಟ್ಟು ಹೋಗಲಾಗದು. "ನಾ ಹೋಗ್ತೇನಿ. ಮಗಳ ಮದುವಿ ಆತು, ನನಗೇನ ಹಿಂದ ಮುಂದ ಯಾರದಾರ?" ಎಂದಳು ಗಂಗಕ್ಕ. ಆಮೇಲೆ ನನ್ನ ಕಡೆ ತಿರುಗಿ, "ನನ್ನ ಬಾಯಿ ಇದ್ರ ಸಾಲೂದಿಲ್ಲ. ಲಗಮಿ ಬರಬೇಕ" ಎಂದಳು. ನಾನು ಹೂಂ ಎಂದೆ. ಆಗ ಹೇಳಿದ ಹೂಂ ನಿಜವಾಗಿತ್ತು — ಅಷ್ಟನ್ನು ನಂಬಿ.

ಹೋಗುವ ಹಿಂದಿನ ದಿನ ಸಂಜೆ ದಿವಾಣಜಿ ನಮ್ಮ ಖೋಲಿಗೆ ಬಂದ. ಖೋಲಿ ಶೇಟರದು. ಮಗ್ಗ ಬಿಟ್ಟ ನನ್ನ ಗಂಡನನ್ನು ಶೆಡ್ಡಿನ ಬಾಗಿಲು ಕಾಯಲು ಇಟ್ಟುಕೊಂಡವರೂ ಶೇಟರೇ. ದಿವಾಣಜಿ ಗದರಲಿಲ್ಲ. ಗದರಿದ್ದರೆ ನನಗೂ ಸಿಟ್ಟು ಬರುತ್ತಿತ್ತೇನೋ... ಅವನು ಚಹಾ ಕುಡಿದ, ಭರಮಪ್ಪನ ಔಷಧದ ಬಗ್ಗೆ ಕೇಳಿದ. ಆಮೇಲೆ ಮೆಲ್ಲಗೆ, ಈ ಊರಿನ ರೇಟು ಕೊಡಲೇಬೇಕೆಂದರೆ ಶೇಟರು ಮಗ್ಗಗಳನ್ನೇ ಕಿತ್ತು ಗಡಹಿಂಗ್ಲಜಕ್ಕೆ ಒಯ್ಯುತ್ತಾರೆ, ಇಲ್ಲ ಗಡಿ ದಾಟಿಸುತ್ತಾರೆ, ಆಗ ಬಾಗಿಲೇ ಇಲ್ಲದ ಮೇಲೆ ಬಾಗಿಲು ಕಾಯುವವನು ಯಾಕೆ ಎಂದ. ಎದ್ದು ನಿಂತು ಚಪ್ಪಲಿ ಮೆಟ್ಟಿಕೊಳ್ಳುತ್ತ, "ತೂ ಫಕ್ತ ಗಡಹಿಂಗ್ಲಜ ಮ್ಹಣ, ಬಾಯಿ. ಬಸ್" ಎಂದ. ನೀನು ಬರೀ ಗಡಹಿಂಗ್ಲಜ ಅನ್ನು ತಾಯಿ, ಅಷ್ಟೇ ಸಾಕು.

ಅವನು ಹೋದ ಮೇಲೆ ನಾನು ಗಂಡನ ಮುಖ ನೋಡಿದೆ. ಬೇಡ ಅನ್ನುತ್ತಾನೇನೋ ಎಂದು ಕಾದೆ. ಹೂಂ ಅಂದರೂ ಆಗುತ್ತಿತ್ತು, ಪಾಪದಲ್ಲಿ ಅರ್ಧ ಅವನ ಪಾಲಿಗೆ ಹೋಗುತ್ತಿತ್ತು. ಭರಮಪ್ಪ ಗೋಡೆಯ ಕಡೆ ಹೊರಳಿ ಮಲಗಿದ. ಅವನ ಬೆನ್ನು ಕೆಮ್ಮಿಗೆ ಅಲುಗಾಡುವುದನ್ನೇ ನೋಡುತ್ತ ಕೂತೆ.

ಮರುದಿನ ಎಸ್.ಟಿ. ಬಸ್ಸಿನಲ್ಲಿ ಗಂಗಕ್ಕ ಕಿಟಕಿಯ ಪಕ್ಕ ಕೂತು, ಸಾಹೇಬರ ಮುಂದೆ ಹೇಳುವುದನ್ನು ಮತ್ತೆ ಮತ್ತೆ ಹೇಳಿ ನೋಡಿಕೊಳ್ಳುತ್ತಿದ್ದಳು. "ಹಿಂಗಂದ್ರ ಛಲೋ ಅಕ್ಕೈತೇನ?" ಎಂದು ನನ್ನನ್ನು ಕೇಳುತ್ತಿದ್ದಳು. ನಾನು ಛಲೋ ಅಕ್ಕೈತಿ ಅನ್ನುತ್ತಿದ್ದೆ. ಕೊಲ್ಹಾಪುರ ಬರುವವರೆಗೂ ನಾನು ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ — ಇದನ್ನು ಹೀಗೆ ಬರೆಯಬಹುದು. ಆದರೆ ಗೊತ್ತಿತ್ತು. ಗೊತ್ತಿದ್ದೇ ಬಸ್ಸು ಹತ್ತಿದ್ದೆ.

ಸಾಹೇಬರು ಒಳ್ಳೆಯವರು. ಇದನ್ನು ನಾನು ಒತ್ತಿ ಹೇಳಬೇಕು. ನಮ್ಮನ್ನು ಕೂರಿಸಿದರು, ನೀರು ಕೊಡಿಸಿದರು. ನೀವು ದುಡಿಯುವ ಜಾಗ ಯಾವುದೆಂದು ನಿಮ್ಮ ಬಾಯಿಂದಲೇ ಹೇಳಿ, ನಾನೇ ಬಂದು ನೋಡುತ್ತೇನೆ ಎಂದರು. ಅದನ್ನು ಕನ್ನಡದಲ್ಲಿ ಸರಿಯಾಗಿಯೇ ಹೇಳಿದೆ. ಗಂಗಕ್ಕ ಕೂತಿದ್ದವಳು ಎದ್ದು ನಿಂತಳು. ನಾನೂ ನಿಂತೆ.

"ನಾ ಇಚಲಕರಂಜ್ಯಾಗ ದುಡಿಯಾಕತ್ತೇನ್ರಿ. ನನ್ನ ಗಂಡ ಅಲ್ಲೇ ದುಡದ, ಅಲ್ಲೇ ಸತ್ತ. ಗಡಹಿಂಗ್ಲಜ ನಾ ಕಣ್ಣಿಲೆ ನೋಡೇ ಇಲ್ರಿ. ನಮ್ಮ ಊರ ರೇಟ ನಮಗ ಕೊಡಸ್ರಿ."

ಸಾಹೇಬರು ನನ್ನನ್ನು ನೋಡಿದರು. ನಾನು ಮರಾಠಿಯಲ್ಲಿ ಹೇಳಿದೆ: ಇವಳು ದುಡಿಯುವುದು ಗಡಹಿಂಗ್ಲಜದ ಶೆಡ್ಡಿನಲ್ಲಿ ಸಾಹೇಬ, ಇಚಲಕರಂಜಿಯಲ್ಲಿ ಇವಳ ಮಗಳಿದ್ದಾಳೆ, ಅವಳನ್ನು ನೋಡಲು ಬರುತ್ತಾಳೆ, ಗಂಡ ಅಲ್ಲಿ ಸತ್ತವನಾದ್ದರಿಂದ ಇವಳಿಗೆ ಅಲ್ಲಿಯ ರೇಟು ಸಿಗಬೇಕೆಂದು ಯಾರೋ ತಲೆಗೆ ತುಂಬಿದ್ದಾರೆ.

ನನ್ನ ಮಾತಿನಲ್ಲಿ ಎರಡೂ ಊರ ಹೆಸರು ಬಂದವು. ಗಂಗಕ್ಕನಿಗೆ ಅವು ಕೇಳಿಸಿದವು. ತನ್ನ ಮಾತೇ ಮರಾಠಿಯಾಗುತ್ತಿದೆ ಎಂದುಕೊಂಡು ಅವಳು ಪ್ರತಿ ಹೆಸರಿಗೂ ಹೌದೆಂದು ತಲೆಯಾಡಿಸುತ್ತಿದ್ದಳು.

ಸಾಹೇಬರಿಗೆ ಏನೋ ಅನುಮಾನ ಬಂದಿರಬೇಕು. ನನ್ನನ್ನು ಬಿಟ್ಟು ನೇರ ಅವಳನ್ನೇ ನೋಡಿ, "ಹೇ ಖರಂ ಕಾ?" ಎಂದರು. ಇದು ನಿಜವೇ?

ಖರೆ ಅನ್ನುವುದು ನಮ್ಮ ಕನ್ನಡದಲ್ಲೂ ಖರೆಯೇ. ಊರ ಹೆಸರು ಬಿಟ್ಟರೆ, ಇಡೀ ಮಾತುಕತೆಯಲ್ಲಿ ಅವಳಿಗೆ ನಾನಿಲ್ಲದೆ ತಿಳಿದ ಶಬ್ದ ಅದೊಂದೇ. ಗಂಗಕ್ಕ ಎದೆಯ ಮೇಲೆ ಕೈ ಇಟ್ಟು ದೊಡ್ಡ ದನಿಯಲ್ಲಿ ಹೇಳಿದಳು: "ಖರೇ ರೀ! ದೇವರಾಣಿ ಖರೆ."

ಆಗ ನಾನು ಬಾಯಿ ತೆರೆಯಬಹುದಿತ್ತು. ಬಾಯಿ ಒಣಗಿತ್ತು ಎಂದು ಹೇಳಬಹುದು... ಒಣಗಿರಲಿಲ್ಲ. ನನಗೆ ಹಗುರವಾಯಿತು. ಕೆಲಸ ಮುಗಿಯಿತು ಅನ್ನಿಸಿತು. ಇದು ಯಾರಿಗೂ ಹೇಳುವಂಥದ್ದಲ್ಲ, ಆದರೂ ಹೇಳುತ್ತಿದ್ದೇನೆ.

ಸಾಹೇಬರು ಬೇಸರದಿಂದ ಕಾಗದ ಮಡಚಿದರು. ಹೊರಗೆ ಬಂದಮೇಲೆ ಗಂಗಕ್ಕ, "ಏನಂದ್ರ?" ಎಂದಳು. "ನೋಡ್ತೇವಿ ಅಂದಾರ" ಎಂದೆ. ಅವಳ ಮುಖ ಅರಳಿತು. ಇಷ್ಟು ದೂರ ಬಂದು ಅಂಬಾಬಾಯಿಯನ್ನು ನೋಡದೆ ಹೋಗಬಾರದೆಂದು ನನ್ನನ್ನು ಗುಡಿಗೆ ಎಳೆದುಕೊಂಡು ಹೋದಳು. ತೆಂಗಿನಕಾಯಿ ಒಡೆಸಿದಳು. ಯಾರ ಹೆಸರಿಗೆ ಎಂದು ಪೂಜಾರಿ ಕೇಳಿದ್ದನ್ನು ನಾನು ಕನ್ನಡ ಮಾಡಿ ಹೇಳಿದಾಗ, ನನ್ನ ಗಂಡನ ಹೆಸರು ಹೇಳಿದಳು.

ಅದಾದ ಮೇಲೆ ಕಾದೆವು. ಸಾಹೇಬರು ಬರಲಿಲ್ಲ. ಬಂದದ್ದು ದಿವಾಣಜಿ. ಎಲ್ಲರ ಮುಂದೆ ಗಂಗಕ್ಕನಿಗೆ, ತಿಳಿಯಲೆಂದೇ ಮುರುಕು ಕನ್ನಡದಲ್ಲಿ, "ನೀನೇ ಕಚೇರಿಯಲ್ಲಿ ಆಣೆ ಮಾಡಿ ಹೇಳಿದ್ದೀಯಂತೆ. ಹಾಗಾದರೆ ನಾಳೆಯಿಂದ ಗಡಹಿಂಗ್ಲಜಕ್ಕೇ ಹೋಗು. ಇಲ್ಲಿ ಕೆಲಸವಿಲ್ಲ" ಎಂದ. ನಾನು ಆಡಿದ ಸುಳ್ಳನ್ನು ಅವರು ನಿಜ ಮಾಡಿಬಿಟ್ಟರು. ಇದನ್ನು ನಾನು ಎಣಿಸಿರಲಿಲ್ಲ. ಸುಳ್ಳು ಕಚೇರಿಯಲ್ಲೇ ಬಿದ್ದಿರುತ್ತದೆ, ನಾವೆಲ್ಲ ಹಳೆಯ ಕೂಲಿಗೆ ಹೀಗೇ ದುಡಿಯುತ್ತ ಹೋಗುತ್ತೇವೆ, ಮುಂದಿನ ಸಲ ಸರಕಾರ ರೇಟು ಬದಲಿಸಿದಾಗ ನೋಡಿಕೊಂಡರಾಯಿತು — ಹೀಗೆ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಗಂಗಕ್ಕ ನನ್ನ ಹತ್ತಿರ ಬಂದಳು. ಸಿಟ್ಟಿರಲಿಲ್ಲ, ಗಾಬರಿಯಿತ್ತು.

"ನಾ ಹಂಗ ಅಂದಿನೇನ ಲಗಮಿ? ನೀನ ಅಲ್ಲೇ ಇದ್ದಿ. ನಾ ಹಂಗ ಅಂದೆ?"

"ಇಲ್ಲಕ್ಕ. ನೀ ಹಂಗ ಅಂದಿಲ್ಲ."

"ಮತ್ತ ಸಾಹೇಬ ಹೆಂಗ... ರೊಕ್ಕ ತಿಂದನೇನ?"

ಹಿಂದೆ ಹೆಂಗಸರೆಲ್ಲ ನಿಂತಿದ್ದರು. "ತಿಂದಿರಬೇಕಕ್ಕ" ಎಂದೆ ನಾನು.

ಮೊದಲನೆಯ ಸುಳ್ಳಿಗೆ ಹೆದರಿಕೆ ಎಂಬ ಹೆಸರಾದರೂ ಇತ್ತು. ಎರಡನೆಯದಕ್ಕೆ ಏನೆನ್ನಲಿ. ನೀರು ಕೊಟ್ಟು ಕೂರಿಸಿದ ಮನುಷ್ಯನನ್ನು ನಾನು ಕಳ್ಳನನ್ನಾಗಿ ಮಾಡಿದೆ. ಆ ಶೆಡ್ಡಿನ ಹೆಂಗಸರು ಮುಂದೆಂದೂ ಆ ಕಚೇರಿಯ ಕಡೆ ಹೆಜ್ಜೆ ಇಡಲಿಲ್ಲ. "ಎಲ್ಲಾ ತಿನ್ನಾವರ" ಎಂಬ ಮಾತು ಗಟ್ಟಿಯಾಯಿತು. ರೇಟು ಮತ್ತೆ ಏರಿತು, ಮತ್ತೆ ಬದಲಾಯಿತು. ಯಾರೂ ಕೇಳಲಿಲ್ಲ.

ಆಗ ಶೋಭಾ ಬಸುರಿ, ಚೊಚ್ಚಲು. ಗಂಗಕ್ಕ ಗಂಟು ಕಟ್ಟಿಕೊಂಡು ಹೋಗುವ ದಿನ ಮಗಳ ಕೈಯನ್ನು ನನ್ನ ಕೈಯಲ್ಲಿಟ್ಟು, "ರಜಾ ಕೊಡ್ತಾರೋ ಇಲ್ಲೋ. ನಾ ಬರಾಕಾಗದಿದ್ರ ನೀನ ನೋಡ್ಕೋ. ನಿನ್ನ ಬಿಟ್ಟ ನನಗ ಯಾರದಾರ" ಎಂದಳು. ರಜೆ ಕೊಡಲಿಲ್ಲ. ಬಾಣಂತನ ನಾನೇ ಮಾಡಿದೆ. ಕೂಸಿಗೆ ಎಣ್ಣೆ ಹಚ್ಚಿ ಎರೆಯುವಾಗ ಶೋಭಾ ನನ್ನನ್ನು, "ಚಿಗವ್ವಾ, ನೀ ಇಲ್ಲದಿದ್ರ ನನ್ನ ಗತಿ ಏನಿತ್ತ" ಎನ್ನುತ್ತಿದ್ದಳು. ಕೂಸಿನ ಕಣ್ಣಿಗೆ ನೀರು ಹೋಗದಂತೆ ಅಂಗೈ ಅಡ್ಡ ಹಿಡಿಯುತ್ತಿದ್ದೆ. ಮತ್ತೆ ನೀರು ಹಾಕುತ್ತಿದ್ದೆ.

ಇಷ್ಟು ಮಾಡಿ ನಾನು ಉಳಿಸಿಕೊಂಡದ್ದೇನು? ಎರಡು ವರ್ಷ ಕಳೆಯುವುದರೊಳಗೆ ಭರಮಪ್ಪ ತೀರಿಕೊಂಡ. ಅವನ ಹಿಂದೆಯೇ ಶೇಟರು ಮಗ್ಗಗಳನ್ನು ಗಡಹಿಂಗ್ಲಜಕ್ಕೆ ಸಾಗಿಸಿದರು. ಅಲ್ಲಿ ಕೂಲಿ ಕಮ್ಮಿ, ಅಷ್ಟೇ ಕಾರಣ. ಖೋಲಿ ಬಿಡಿಸಿದರು. ನಾನು ಸೋದರತ್ತೆಯ ಊರು ಗಡಹಿಂಗ್ಲಜಕ್ಕೇ ತಿರುಗಿ ಹೋಗಿ, ಅದೇ ಶೆಡ್ಡಿನ ಬಾಗಿಲಲ್ಲಿ ಕೆಲಸ ಕೇಳುತ್ತ ನಿಂತೆ. ಒಳಗಿಂದ ಗಂಗಕ್ಕ ನೋಡಿದಳು. ತಾನು ಕೂತಲ್ಲೇ ಸರಿದು ಜಾಗ ಮಾಡಿ, "ಬಾ, ಇಲ್ಲೇ ಕೂಡ್ರ" ಎಂದಳು.

ಹಲವು ವರ್ಷ ಅವಳ ಪಕ್ಕ ಕೂತು ಗಡಹಿಂಗ್ಲಜದ ರೇಟಿಗೆ ದುಡಿದೆ. ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ಒಮ್ಮೆ, "ಅಕ್ಕ, ಆವತ್ತ ಕೊಲ್ಹಾಪುರದಾಗ—" ಎಂದೆ. "ಬಿಡ, ಆ ಸಾಹೇಬನ ಸುದ್ದಿ ಬ್ಯಾಡ" ಎಂದು ಅವಳು ನೂಲು ಕೂಡಿಸತೊಡಗಿದಳು. ಅವಳು ಬೇಡವೆಂದಳಲ್ಲ ಎಂದು ನಾನೂ ಬಿಟ್ಟೆ. ಅದೂ ಒಂದು ನೆವ.

ಕೊನೆಗೆ ಅವಳ ಕಣ್ಣು ಮಂಜಾದವು. ಎಳೆ ಕಾಣಿಸದಾಯಿತು. ಶೋಭಾ ಗಂಡನ ಜತೆ ದಾನೋಳಿ ಎಂಬ ಹಳ್ಳಿಗೆ ಹೋಗಿ ಹೊಲದ ಕೆಲಸ ಹಿಡಿದಿದ್ದಳು. ಅವ್ವನನ್ನು ಅಲ್ಲಿಗೇ ಕರೆಸಿಕೊಂಡಳು. ಗಂಗಕ್ಕನನ್ನು ಬಸ್ ಸ್ಟ್ಯಾಂಡಿನವರೆಗೆ ಮುಟ್ಟಿಸಲು ನಾನು ಹೋದೆ. ಅವಳ ಗಂಟು ನನ್ನ ತಲೆಯ ಮೇಲಿತ್ತು. ಬಸ್ಸು ಬಂದು ನಿಂತಾಗ, ಇನ್ನು ಆಗದು ಅನ್ನಿಸಿ, ಎಲ್ಲ ಹೇಳಿಬಿಟ್ಟೆ. ಸಾಹೇಬರು ತಿಂದಿಲ್ಲ ಅಕ್ಕ, ಗಡಹಿಂಗ್ಲಜ ಅಂದವಳು ನಾನು. ಅವಳು ಖರೆ ಎಂದು ಆಣೆ ಮಾಡಿದ್ದು ಯಾವ ಮಾತಿಗೆ ಎಂಬುದನ್ನೂ ಹೇಳಿದೆ.

ಗಂಗಕ್ಕ ನಾನು ನಿಂತ ಕಡೆ ಮುಖ ಮಾಡಿದಳು. ಆಮೇಲೆ, ತನಗೆ ತಾನೇ ಹೇಳಿಕೊಂಡಂತೆ, ಅಂದಳು:

"ಮತ್ತ ನಾ ಯಾರನ ಕರಕೊಂಡ ಹೋಗಬೇಕಿತ್ತ? ಮಾತ ಬರಾಕಿ ನೀ ಒಬ್ಬಾಕಿನ ಇದ್ದಿ."

ಕಂಡಕ್ಟರ್ ಕೂಗಿದ. ನಾನು ಗಂಟನ್ನು ಒಳಗೆ ಇಟ್ಟುಕೊಡಲು ಹೋದೆ. ಅವಳು ಕೈ ಚಾಚಿ ತಡಕಾಡಿ ನನ್ನ ತಲೆಯ ಮೇಲಿಂದ ಅದನ್ನು ಇಳಿಸಿಕೊಂಡಳು. ತನ್ನ ತಲೆಯ ಮೇಲಿಟ್ಟುಕೊಂಡು, ಇನ್ನೊಂದು ಕೈಯಿಂದ ಬಾಗಿಲ ಕಂಬಿ ಹುಡುಕುತ್ತ, ತಾನೊಬ್ಬಳೇ ಮೆಟ್ಟಿಲು ಹತ್ತಿದಳು.