ಮಣ್ಣೊಳಗೆ ಕುಳಿತವರ ಎದೆಬಡಿತ

ಒಂದು ಜೀವಿಯ ದೇಹ ನಡೆಯುವ ಬಗೆಯನ್ನು ಇನ್ನೊಂದರ ಮಗ್ಗುಲಲ್ಲಿಟ್ಟು ನೋಡುವ ತೌಲನಿಕ ಶರೀರಕ್ರಿಯಾಶಾಸ್ತ್ರವೆಂಬ ಉದ್ದ ಹೆಸರಿನ ವಿದ್ಯೆಯನ್ನು, ದಾಂಡೇಲಿಯ ನಮ್ಮ ಪುಟ್ಟ ಕಾಲೇಜಿನ ಮಕ್ಕಳಿಗೂ ಮನೆಮಾತಾಗಿಸಿದವರು ಪೂಜ್ಯ ಗುರುಗಳಾದ ಡಾ. ದ್ರಾಕ್ಷಾಯಣಿ ಮೇಡಂ ಅವರು. ಬಾವಲಿ, ಬಸವನಹುಳು, ಕಪ್ಪೆಗಳು ಉಸಿರನ್ನೂ ಎದೆಬಡಿತವನ್ನೂ ಇಳಿಸಿಕೊಂಡು ಕೆಟ್ಟ ಕಾಲವನ್ನು ದಾಟುವ ಜಡನಿದ್ರೆಯೇ ಅವರ ಬದುಕಿನ ಅಧ್ಯಯನ. ಈ ತಿಂಗಳು ಅವರು ನಿವೃತ್ತರಾಗುತ್ತಿದ್ದಾರೆ.

ಅವರು ಧಾರವಾಡದಿಂದ ಬಂದ ಮೊದಲ ವರ್ಷಗಳಲ್ಲಿ ಪ್ರಯೋಗಾಲಯವೆಂದರೆ ಒಂದು ಸೋರುವ ಕೋಣೆ ಮಾತ್ರವಿತ್ತಂತೆ. ನಾನು ಕಲಿಯಲು ಸೇರುವ ಹೊತ್ತಿಗೆ ಅಲ್ಲಿ ಉಸಿರಾಟ ಅಳೆಯುವ ಗಾಜಿನ ಡಬ್ಬಿಗಳೂ, ಎದೆಬಡಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಯಂತ್ರವೂ ಬಂದಿದ್ದವು. ಹಳಿಯಾಳದ ನನ್ನ ಅಜ್ಜಿ ಈರಕ್ಕ ಹೇಳುತ್ತಿದ್ದ ಮಾತೊಂದನ್ನು ಮೊದಲ ಪಾಠದಲ್ಲೇ ಬಾಯಿಬಿಟ್ಟು ಹೇಳಿಬಿಟ್ಟೆ: “ಬ್ಯಾಸಗ್ಯಾಗ ನೆಲ ಬಡೀಬ್ಯಾಡವ್ವ, ಒಳಗ ಕುಂತವರು ಉಸಿರ ಹಿಡದಾರ.” ತರಗತಿ ಗೊಳ್ಳೆಂದಿತು. ಮೇಡಂ ನಗಲಿಲ್ಲ. “ಎಷ್ಟೊತ್ತು ಹಿಡೀತಾರಂತ? ನಿಮ್ಮ ಅಜ್ಜಿನ್ನ ಕೇಳ್ಕೊಂಡ ಬಾ,” ಎಂದರು.

ಎರಡು ವರ್ಷಗಳ ಹಿಂದಿನ ಬೇಸಿಗೆಯಲ್ಲಿ ಅವರೊಡನೆ ಮುಂಡಗೋಡ ತಾಲೂಕಿನ ಚಿಗಳ್ಳಿಗೆ ಹೋದೆ. ಮಾಲವ್ವ ಎಂಬ ರೈತ ಹೆಣ್ಣುಮಗಳ ಹೊಲದ ಬದುವಿನಲ್ಲಿ ಬಿಲಗಪ್ಪೆಗಳಿದ್ದವು. ಅಲ್ಲಿಯೇ ಅವರ ಗಂಡ ಮುದಕಪ್ಪನವರ ಸಮಾಧಿಯೂ ಇತ್ತು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಕುಳ್ಳಿರಿಸಿಯೇ ಮಣ್ಣಿಗೆ ಕೊಡುತ್ತೇವೆ. ಸಮಾಧಿಯ ಪಕ್ಕದ ಮಣ್ಣನ್ನು ಮೇಡಂ ಕೈಯಿಂದಲೇ ಬಿಡಿಸಿದಾಗ ಒಳಗೊಂದು ಕಪ್ಪೆ ಕಣ್ಣು ಮುಚ್ಚಿ, ಕಾಲು ಮಡಚಿ, ನೆಟ್ಟಗೆ ಕುಳಿತಿತ್ತು. 

ಕಪ್ಪೆಗಳನ್ನು ಪ್ರಯೋಗಾಲಯಕ್ಕೆ ಒಯ್ಯಲು ಮಾಲವ್ವ ಒಪ್ಪಿದ್ದಕ್ಕೆ ಕಾರಣವಿತ್ತು. ಮುದಕಪ್ಪನವರು ವರ್ಷಗಟ್ಟಲೆ ಹಾಸಿಗೆ ಹಿಡಿದು, ಕಾಲು ಕಟ್ಟಿಗೆಯಂತಾಗಿ ಹೋದವರು. ತಿಂಗಳುಗಟ್ಟಲೆ ಅಲುಗದ ಕಪ್ಪೆಯ ಕಾಲು ಮಾತ್ರ ಯಾಕೆ ಸೊರಗುವುದಿಲ್ಲ ಎಂಬುದೇ ಮೇಡಂ ಅವರ ಪ್ರಶ್ನೆ. ಅದರ ಉತ್ತರ ನಾಳೆ ಮಲಗಿದ ಮನುಷ್ಯರಿಗೂ ಆದೀತೆಂಬುದು ಅವರ ಆಸೆ. “ಒಯ್ರಿ,” ಎಂದರು ಮಾಲವ್ವ. “ಆದ್ರ ಇವ್ರ ಮಗ್ಗಲದಾಗಿಂದು ಮಳಿ ಬರೂದ್ರಾಗ ಜೀವಂತ ಇಲ್ಲೇ ಬಂದು ಕುಂಡ್ರಬೇಕು. ಒಮ್ಮಿ ಕಳಕೊಂಡೇನಿ, ಇನ್ನೊಮ್ಮಿ ಆಗೂದಿಲ್ಲ.” ಮೇಡಂ ಮಾತು ಕೊಟ್ಟರು. ಆದ್ದರಿಂದ ಕಪ್ಪೆಗಳನ್ನು ಕೊಯ್ಯದೆ, ತೊಡೆಯ ದಪ್ಪವನ್ನು ಸ್ಕ್ಯಾನಿಂಗ್ ಯಂತ್ರದಿಂದಲೇ ಅಳೆದರು.

ಅವರು ಮೌಲ್ಯಮಾಪನಕ್ಕೆಂದು ಧಾರವಾಡಕ್ಕೆ ಹೋಗಿದ್ದಾಗ ಅನಾಹುತವಾಯಿತು. ಸಮಾಧಿಯ ಪಕ್ಕದ ಆ ಕಪ್ಪೆಯ ಗೆರೆ ಪರದೆಯ ಮೇಲೆ ಸಪಾಟಾಗಿ ಮಲಗಿದ್ದನ್ನು ಕಂಡ ನಮ್ಮ ಪ್ರಯೋಗಾಲಯದ ಸಹಾಯಕ ದುಂಡೇಶಣ್ಣ, ಅದು ಸತ್ತಿತೆಂದೇ ತಿಳಿದರು. ಮೇಡಂ ಮರಳಿದಾಗ ಡಬ್ಬಿ ಖಾಲಿ.

“ಎಲ್ಲೈತಿ ದುಂಡೇಶ?”

“ಮಣ್ಣ ಮಾಡೇನ್ರಿ ಮೇಡಂ. ಹೂವಿನ ಕುಂಡ್ಯಾಗ. ಹಿರ್ಯಾರ ಮಗ್ಗಲದಾಗಿಂದ ಬಂದದ್ದು, ಕಸದಾಗ ಹೆಂಗ ಒಗೀಲ್ರಿ? ವಿಭೂತಿ ಹಚ್ಚಿ ಕುಂಡ್ರಿಸೇನಿ.”

“ಅಯ್ಯೋ ಮಾರಾಯ, ಮಂತ್ರಾನೂ ಹೇಳಿಯೇನು?”

“ಬರೂವಷ್ಟು ಹೇಳೇನ್ರಿ.”

ನಗು ಬಂತು, ಆದರೆ ಉಳಿಯಲಿಲ್ಲ. ಜಡನಿದ್ರೆಯಲ್ಲಿ ಎರಡು ಬಡಿತಗಳ ನಡುವೆ ಗೆರೆ ಬಹಳ ಹೊತ್ತು ಮಲಗಿಯೇ ಇರುತ್ತದೆ, ಅದು ಸಾವಲ್ಲ. ಆ ಕಪ್ಪೆ ನಿದ್ದೆಯಲ್ಲಿ ಚರ್ಮದಿಂದಲೂ ಉಸಿರಾಡುತ್ತದೆ. ಆ ಚರ್ಮವೆಲ್ಲ ಈಗ ಬೂದಿ. ನೀರಿನಿಂದ ತೊಳೆದರೆ ಮಳೆ ಬಂತೆಂದು ಎದ್ದುಬಿಡುತ್ತದೆ, ಮತ್ತು ಹಾಗೆ ಅಕಾಲದಲ್ಲಿ ಎದ್ದವು ಹಿಂದೆ ಮೇಡಂ ಅವರ ಕೈಯಲ್ಲಿ ಬದುಕಿರಲಿಲ್ಲ. ಬಿಟ್ಟರೆ ಉಸಿರು ಕಟ್ಟುತ್ತದೆ, ತೊಳೆದರೆ ನಿದ್ದೆ ಒಡೆಯುತ್ತದೆ. ಮೇಡಂ ಕುಂಡದ ಮಣ್ಣಿನಿಂದ ಅದನ್ನೆತ್ತಿ ಮುಖದ ಹತ್ತಿರ ಹಿಡಿದು, ಕನ್ನಡಕ ಒರೆಸುವವರಂತೆ ಅದರ ಮೇಲೆ ಬಾಯಿಂದ ಆವಿ ಬಿಟ್ಟರು. ಅಷ್ಟೇ ತೇವಕ್ಕೆ ಸಡಿಲಾದ ಬೂದಿಯನ್ನು ಹತ್ತಿಯಿಂದ ತೆಗೆದರು. ಮತ್ತೆ ಉಸಿರು, ಮತ್ತೆ ಹತ್ತಿ. ಮಧ್ಯಾಹ್ನವೆಲ್ಲ ಹೀಗೆಯೇ ಕಳೆಯಿತು. ಕಿಟಕಿಯಾಚೆ ಮಿಲ್ಲಿನ ಪಾಳಿ ಬಿಟ್ಟು ಜನ ಮಾತಾಡುತ್ತ ಹೋಗುತ್ತಿದ್ದರು. ಒಳಗೆ ಒಬ್ಬ ಜೀವಂತ ಹೆಂಗಸು ಸತ್ತಂತಿದ್ದ ಒಂದು ಮುಖಕ್ಕೆ ಉಸಿರು ಕೊಡುತ್ತಿದ್ದರು, ಆ ಮುಖ ಕೊಟ್ಟದ್ದನ್ನೆಲ್ಲ ತೆಗೆದುಕೊಳ್ಳುತ್ತಿದೆ ಎಂದು ನನಗನ್ನಿಸಿತು.

ಮತ್ತೆ ಯಂತ್ರಕ್ಕೆ ಜೋಡಿಸಿದರು. ಗೆರೆ ಮಲಗಿಯೇ ಇತ್ತು. ದುಂಡೇಶಣ್ಣ ಕೈಮುಗಿದು ಗೋಡೆಗೆ ಆತು ನಿಂತರು. ಬಹಳ ಹೊತ್ತಿನ ಮೇಲೆ ಗೆರೆ ಒಮ್ಮೆ, ಒಂದೇ ಸಲ, ಎದ್ದು ಕುಳಿತಿತು. ನಂತರದ ಬಡಿತ ಬರುವಷ್ಟರಲ್ಲಿ ನನ್ನ ಎದೆ ಎಷ್ಟು ಸಲ ಬಡಿದಿತ್ತೋ!

ಚಿಗಳ್ಳಿಯಲ್ಲಿ ಅದನ್ನು ಅದರ ಮಣ್ಣಿಗೇ ಮರಳಿಸುವಾಗ ಮೇಡಂ ನಡೆದದ್ದನ್ನೆಲ್ಲ ಹೇಳಿದರು. “ಜೀವ ಐತಿ. ಏಳತೈತೋ ಇಲ್ಲೋ, ಸುಳ್ಳ ಹೇಳೂದಿಲ್ಲ ಮಾಲವ್ವ.” 

ಮೊದಲ ದೊಡ್ಡ ಮಳೆಯ ಮರುಸಂಜೆ ಮುಂಡಗೋಡದ ಬಸ್ಸು ಹಿಡಿದು ಹೋದೆವು. ಎದ್ದ ಮೇಲೆ ತೊಡೆ ಅಳೆಯದಿದ್ದರೆ ನಿದ್ದೆಯ ಅಳತೆಗೆ ಬೆಲೆಯಿಲ್ಲ. ಯಂತ್ರ ನನ್ನ ಹೆಗಲಲ್ಲಿತ್ತು. ಹೊಲ ನಿಶ್ಶಬ್ದವಾಗಿತ್ತು. ಸಮಾಧಿಯ ಕಟ್ಟೆಯ ಮೇಲೆ ಅದು ಕುಳಿತಿತ್ತು. ಬೆನ್ನಿನ ಚುಕ್ಕೆಗಳನ್ನು ನಾವು ಮೊದಲೇ ತೆಗೆದಿಟ್ಟಿದ್ದ ಫೋಟೋಕ್ಕೆ ಹೋಲಿಸಿದೆವು, ಅದೇ. ಕಣ್ಣು ತೆರೆದು, ನಮ್ಮ ಮೂವರಲ್ಲಿ ಮಾಲವ್ವನನ್ನೇ ನೋಡುತ್ತಿತ್ತು. ಅವರು ತಲೆಯ ಮೇಲೆ ಸೆರಗೆಳೆದುಕೊಂಡು, “ಕಾಲು ಹೆಂಗದಾವ್ರಿ ಈಗ?” ಎಂದು ಕೇಳಿದರು. ಕೇಳಿದ್ದು ನಮ್ಮನ್ನಲ್ಲ.

ನಾನು ಯಂತ್ರ ತೆಗೆದೆ. ಮೇಡಂ ನನ್ನ ಮಣಿಕಟ್ಟು ಹಿಡಿದರು. “ಬ್ಯಾಡ. ಅಕಿ ಕೇಳ್ಯಾಳ, ಅದು ಹೇಳ್ಲಿ.” ಕಪ್ಪೆ ಕಾಲು ಚಾಚಿ, ಮಾಲವ್ವನ ಪಾದದ ಮೇಲಿಂದ ಹಾರಿ, ಕತ್ತಲಾಗುತ್ತಿದ್ದ ನೀರಿಗೆ ಹೋಯಿತು. ಮೇಡಂ ಪ್ರಕಟಿಸಿದ ಪ್ರಬಂಧದಲ್ಲಿ ಅದರ ಅಳತೆಯಿಲ್ಲ; “ಒಂದು ಪ್ರಾಣಿಯನ್ನು ಅಳೆಯಲಿಲ್ಲ” ಎಂಬ ಒಂದು ಸಾಲು ಮಾತ್ರ ಇದೆ. ಅಚ್ಚಿಗೆ ಮುನ್ನ ಪತ್ರಿಕೆಯ ಪರಿಶೀಲಕರು ಕಾರಣ ಕೇಳಿದ್ದರು. “ಮಾತು ಕೊಟ್ಟಿದ್ದೆ,” ಎಂದು ಮೇಡಂ ಬರೆದು ಕಳಿಸಿದರು.

ಮೇಡಂ, ಜೋಯಿಡಾದ ಬಾವಲಿಗಳು ನಿಮಗಾಗಿ ತಲೆಕೆಳಗಾಗಿ ಕಾದಿವೆ. ನಿವೃತ್ತಿಯ ಮಾತು ಅವುಗಳ ಕಿವಿಗೆ ಬೀಳದಿರಲಿ. ಎದೆಯ ಬಡಿತವನ್ನು ಹಿಡಿದು ಖರ್ಚು ಮಾಡುವ ಜೀವ ಬಹುಕಾಲ ಬಾಳುತ್ತದೆ ಎಂದು ಕಲಿಸಿದವರು ನೀವೇ. ನೀವು ಮಾತ್ರ ಸಿಕ್ಕ ಸಿಕ್ಕ ಜೀವಕ್ಕೆಲ್ಲ ಉಸಿರು ಹಂಚುತ್ತ ಬಂದಿರಿ. ಹಂಚಿದ್ದೆಲ್ಲ ಆಯುಷ್ಯವಾಗಿ ನಿಮಗೇ ತಿರುಗಿ ಬರಲಿ.